ಮನುಷ್ಯನ ಮನಸ್ಸು, ದನದ ಮನಸ್ಸು: ಓದಿದರೆ ಕೆಲಸವೆಲ್ಲಿ?

ಪಿ.ಯು.ಸಿ. ಫಲಿತಾಂಶ ಬಂತೆಂದರೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ರೈತರ ಮನೆಗಳಲ್ಲಿ ಲೆಕ್ಕಾಚಾರ ಶುರುವಾಗುತ್ತದೆ. ಭತ್ತ ಮಾರಿದ ದುಡ್ಡು ಸಾಲಕ್ಕೋ, ಮಗಳ ಓದಿಗೋ? ಮನಃಶಾಸ್ತ್ರ ಓದುತ್ತೇನೆಂದು ಮಕ್ಕಳು ಹೇಳಿದರೆ ಹಿರಿಯರಿಗೆ ಗಾಬರಿ. ಕುರಿ, ದನಗಳ ನಡುವೆ ಬೆಳೆದ ಹುಡುಗರಿಗೆ ಪ್ರಾಣಿಗಳ ಸ್ವಭಾವ ಓದುವ ಆಸೆಯೂ ಉಂಟು. ಹೊರದೇಶಗಳ ಕೆಲವು ವಿಶ್ವವಿದ್ಯಾಲಯಗಳಲ್ಲಿ ಎರಡನ್ನೂ ಕೂಡಿಸಿದ ಪದವಿಗಳಿವೆ. ನಮ್ಮಲ್ಲಿ ಇವು ಸಾಮಾನ್ಯವಾಗಿ ಎರಡು ಬೇರೆ ದಾರಿಗಳು. ಅವು ಕವಲೊಡೆಯುವುದು ಎಸ್.ಎಸ್.ಎಲ್.ಸಿ. ಮುಗಿದು ಪಿ.ಯು.ಸಿ. ವಿಷಯ ಆರಿಸುವಾಗಲೇ.

ಮೊದಲನೆಯದು ಮನುಷ್ಯನ ದಾರಿ. ಬರೀ ಬಿ.ಎ. ಪದವಿ ಹಿಡಿದು ಯಾರೂ ಮನೋರೋಗಿಗಳಿಗೆ ಚಿಕಿತ್ಸೆ ಕೊಡುವಂತಿಲ್ಲ. ಮೇಲೆ ಎರಡು ವರ್ಷದ ಎಂ.ಎ. ಅಥವಾ ಎಂ.ಎಸ್ಸಿ., ಆಮೇಲೆ ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ತರಬೇತಿ ಮುಗಿಸಿ ಅದರ ದಾಖಲೆಯಲ್ಲಿ ಹೆಸರು ಬರಬೇಕು. ಈ ತರಬೇತಿಯ ನಿಯಮಗಳು ಈಚೆಗೆ ಬದಲಾಗುತ್ತಿವೆ; ಕಾಲೇಜಿನವರ ಮಾತನ್ನೇ ನಂಬದೆ ಪರಿಷತ್ತಿನ ಪಟ್ಟಿ ನೋಡುವುದು ಒಳ್ಳೆಯದು. ಅಷ್ಟು ದೂರ ಹೋಗಲಾಗದವರಿಗೆ ಆಸ್ಪತ್ರೆ, ಶಾಲೆ, ಸ್ವಯಂಸೇವಾ ಸಂಸ್ಥೆಗಳಲ್ಲಿ ಆಪ್ತ ಸಮಾಲೋಚಕರ ಕೆಲಸವಿದೆ. ಆದರೆ ಬಹುಪಾಲು ಗುತ್ತಿಗೆಯದು. ಅದನ್ನು ಮುಚ್ಚಿಡುವುದು ಸರಿಯಲ್ಲ.

ಈ ವಿದ್ಯೆ ಪಟ್ಟಣದವರಿಗೆ ಮಾತ್ರ ಎಂಬ ಮಾತನ್ನು ನಮ್ಮ ನೆರೆಯ ಬಳ್ಳಾರಿಯೇ ಸುಳ್ಳು ಮಾಡಿದೆ. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಅಲ್ಲಿ, ಹಳ್ಳಿಯ ಆಸ್ಪತ್ರೆಗಳ ಮೂಲಕವೇ ಮನೋರೋಗಕ್ಕೆ ಚಿಕಿತ್ಸೆ ಕೊಡುವ ಪ್ರಯೋಗ ಮಾಡಿತು. ಅದೇ ಮಾದರಿಯಲ್ಲಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. ಕಾಲುವೆಯ ಕೊನೆಯಂಚಿಗೆ ನೀರು ಬಾರದೆ, ಸಾಲ ತೀರದೆ ನಿದ್ದೆಗೆಟ್ಟ ರೈತನೊಡನೆ ಅವನದೇ ಮಾತಿನಲ್ಲಿ ಮಾತಾಡಬಲ್ಲವರು ಬೇಕಲ್ಲವೇ? ನಮ್ಮ ಮಕ್ಕಳಿಗಿಂತ ಯೋಗ್ಯರು ಯಾರು?

ಎರಡನೆಯದು ದನದ ದಾರಿ. ಕರ ಸತ್ತ ಎಮ್ಮೆ ಹೊಸಬರ ಕೈಗೆ ಹಾಲು ಇಳಿಸುವುದಿಲ್ಲ. ಇದು ಮೊಂಡುತನವಲ್ಲ, ಬೆದರಿದಾಗ ರಕ್ತಕ್ಕೆ ಸೇರುವ ಅಡ್ರಿನಲಿನ್, ಹಾಲು ಇಳಿಸುವ ಆಕ್ಸಿಟೋಸಿನ್‌ಗೆ ಅಡ್ಡ ಬರುತ್ತದೆ. ಬೈದು ಬಡಿದರೆ ಇನ್ನಷ್ಟು ಬಿಗಿಯುತ್ತದೆ. ನಮ್ಮ ಅಜ್ಜಿಯಂದಿರು ಮೈ ಸವರಿ, ಹಿಂಡಿ ಇಟ್ಟು ಕರೆಯುತ್ತಿದ್ದುದರ ಗುಟ್ಟು ಇದೇ. ಇಂಥದನ್ನು ಶಾಸ್ತ್ರವಾಗಿ ಕಲಿತು ಹೊಟ್ಟೆ ಹೊರೆಯಬೇಕೆಂದರೆ ಪಶುವೈದ್ಯ ಪದವಿಯೇ ಭದ್ರ: ತರಬೇತಿ ವರ್ಷ ಸೇರಿ ಐದೂವರೆ ವರ್ಷ, ಪಿ.ಯು.ಸಿ.ಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಇರಲೇಬೇಕು. ಬೀದರ್‌ನಲ್ಲಿ ಕಾಲೇಜಿದೆ. ಸರ್ಕಾರಿ ಪಶು ಆಸ್ಪತ್ರೆ, ಹಾಲು ಒಕ್ಕೂಟ, ಬ್ಯಾಂಕು, ವಿಮೆ ಕಡೆ ಕೆಲಸ. ಏನಿಲ್ಲದಿದ್ದರೂ ಸ್ವಂತ ಚಿಕಿತ್ಸೆ.

ಎರಡೂ ಕೂಡಿದ್ದಿಲ್ಲವೇ? ಉಂಟು. ಮೈಸೂರು ವಿಶ್ವವಿದ್ಯಾಲಯದ ಮನಃಶಾಸ್ತ್ರ ವಿಭಾಗದಲ್ಲಿದ್ದುಕೊಂಡೇ ಪ್ರೊ. ಮೇವಾ ಸಿಂಗ್ ಪಶ್ಚಿಮ ಘಟ್ಟದ ಸಿಂಗಳೀಕಗಳ ನಡವಳಿಕೆಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿ ಹೆಸರಾದರು. ಆದರೆ ಸಂಶೋಧನೆ ತಾಳ್ಮೆಯ ಬೆಳೆ, ತೊಗರಿಯಂತೆ ಆರು ತಿಂಗಳಲ್ಲಿ ಕೊಯ್ಲಿಗೆ ಬಾರದು.

ಒಂದು ಅನುಕೂಲವನ್ನು ಮರೆಯಬಾರದು. ಸಂವಿಧಾನದ 371(ಜೆ) ವಿಧಿಯಡಿ ನಮ್ಮ ಭಾಗದ ಕಾಲೇಜುಗಳಲ್ಲಿ ಶೇಕಡ 70, ರಾಜ್ಯದ ಉಳಿದೆಡೆ ಶೇಕಡ 8 ಸೀಟುಗಳು ಇಲ್ಲಿಯವರಿಗೆ ಮೀಸಲು. ಅರ್ಹತಾ ಪತ್ರ ಕೊಡುವವರು ಸಹಾಯಕ ಆಯುಕ್ತರು. ಈ ಮೂರೂ ತಾಲ್ಲೂಕಿನವರಿಗೆ ಆ ಕಚೇರಿ ಲಿಂಗಸುಗೂರಿನಲ್ಲೇ ಇದೆ. ಫಲಿತಾಂಶ ಬರುವ ಮೊದಲೇ ಹೋಗಿ ಮಾಡಿಸಿಟ್ಟುಕೊಳ್ಳಿ. ಪ್ರವೇಶದ ದಿನಗಳಲ್ಲಿ ಅಲ್ಲಿ ನೂಕುನುಗ್ಗಲು.