ಆ ಮಾತು ಯಾವ ಪರ್ವದಲ್ಲಿದೆ?

ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ, ಕ್ಷೌರದಂಗಡಿಯ ಗೋಡೆಯ ಮೇಲೆ, ಹಳೆಯ ಕ್ಯಾಲೆಂಡರುಗಳಲ್ಲಿ ‘ಗೀತಾಸಾರ’ವೆಂಬ ಬರಹವನ್ನು ನಾವೆಲ್ಲ ಓದಿದ್ದೇವೆ. ಮೇಲೆ ರಥದ ಚಿತ್ರ. ಕೆಳಗೆ ಆದದ್ದೆಲ್ಲ ಒಳಿತಿಗೇ ಎಂಬ ಸಮಾಧಾನ, ಕಳೆದುಕೊಳ್ಳಲು ನೀನು ತಂದದ್ದಾದರೂ ಏನು ಎಂಬ ಪ್ರಶ್ನೆ. ನೊಂದ ಎಷ್ಟೋ ಜನಕ್ಕೆ ಅದು ಧೈರ್ಯ ಕೊಟ್ಟಿದೆ. ಆದರೆ ಭಗವದ್ಗೀತೆಯ 18 ಅಧ್ಯಾಯ, 700 ಶ್ಲೋಕಗಳನ್ನು ಜಾಲಾಡಿದರೂ ಕೃಷ್ಣ ಹಾಗೆ ಹೇಳಿದ್ದು ಸಿಗುವುದಿಲ್ಲ. ಬಿಲ್ಲು ಕೆಳಗಿಟ್ಟ ಅರ್ಜುನನಿಗೆ ಎರಡನೆಯ ಅಧ್ಯಾಯದಲ್ಲಿ ಸಿಗುವ ಉತ್ತರ ಇಷ್ಟು ಸಲೀಸಾದದ್ದಲ್ಲ. ಅದು ಆತ್ಮದ ನಿತ್ಯತೆಯಿಂದ ತೊಡಗಿ, ಸ್ವಧರ್ಮಕ್ಕೆ ಬಂದು, ಫಲದ ಆಸೆ ಬಿಟ್ಟು ಮಾಡುವ ಕರ್ಮದವರೆಗೆ ಸಾಗುತ್ತದೆ. ನಡೆದದ್ದೆಲ್ಲ ಒಳ್ಳೆಯದೇ ಎಂದು ಗೀತೆ ಒಪ್ಪಿಕೊಂಡಿದ್ದರೆ ಕುರುಕ್ಷೇತ್ರದಲ್ಲಿ ಯುದ್ಧಕ್ಕೇ ಕಾರಣವಿರುತ್ತಿರಲಿಲ್ಲ.

ಭಕ್ತರ ಬಾಯಲ್ಲಿ ಓಡಾಡುವ ಮಾತಿಗೆ ಆಧಾರ ಕೇಳುವುದು ಅಶ್ರದ್ಧೆ ಎಂಬ ಅಳುಕು ಹಲವರಲ್ಲಿದೆ. ನಮ್ಮ ಆಚಾರ್ಯರಲ್ಲಿ ಆ ಅಳುಕು ಇರಲಿಲ್ಲ. 13ನೇ ಶತಮಾನದಲ್ಲಿ ಉಡುಪಿಯ ಮಧ್ವಾಚಾರ್ಯರು ಮಹಾಭಾರತ ತಾತ್ಪರ್ಯ ನಿರ್ಣಯದ ಎರಡನೆಯ ಅಧ್ಯಾಯದಲ್ಲಿ ಈ ವಿಷಯವನ್ನು ನೇರವಾಗಿ ಎತ್ತುತ್ತಾರೆ. ಗ್ರಂಥಗಳಲ್ಲಿ ಕೆಲವೆಡೆ ಹೊಸದನ್ನು ಸೇರಿಸಿದ್ದಾರೆ, ಕೆಲವೆಡೆ ಇದ್ದದ್ದನ್ನು ಬಿಟ್ಟಿದ್ದಾರೆ, ಕೆಲವೆಡೆ ಹಿಂದುಮುಂದು ಮಾಡಿದ್ದಾರೆ ಎಂಬುದು ಅವರ ಅಳಲು. ಪಾಠಶೋಧನೆ ಎಂದು ನಾವು ಇಂದು ಕರೆಯುವ ಕೆಲಸದ ಅಗತ್ಯ ಭಕ್ತಿಯ ಮನೆಯೊಳಗೇ ಹುಟ್ಟಿತ್ತು.

ಆ ಕೆಲಸ ಯಾಕೆ ಬೇಕು ಎಂಬುದಕ್ಕೆ ಅಹಿಂಸೆಯ ಕುರಿತ ಒಂದು ಮಾತಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅಹಿಂಸೆಯೇ ಪರಮ ಧರ್ಮ ಎನ್ನುವ ಅರ್ಧ ಸಾಲು ಎಲ್ಲರಿಗೂ ಬಾಯಿಪಾಠ. ಈಚಿನ ವರ್ಷಗಳಲ್ಲಿ ಅದಕ್ಕೊಂದು ಬಾಲ ಅಂಟಿಕೊಂಡಿದೆ: ಧರ್ಮಕ್ಕಾಗಿ ಮಾಡುವ ಹಿಂಸೆಯೂ ಅಷ್ಟೇ ದೊಡ್ಡ ಧರ್ಮವಂತೆ. ಈ ಎರಡನೆಯ ಅರ್ಧವನ್ನು ಬೇಕೆಂದೇ ಮುಚ್ಚಿಟ್ಟರು ಎಂಬ ದೂರೂ ವೇದಿಕೆಗಳಲ್ಲಿ ಕೇಳಿಬರುತ್ತದೆ. ಮಹಾಭಾರತವನ್ನೇ ತೆರೆದು ನೋಡೋಣ.

ಮೊದಲ ಅರ್ಧ ಅಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಬರುತ್ತದೆ. ಆದಿಪರ್ವದಲ್ಲಿ ರುರುವಿನ ಕಥೆಯಿದೆ. ಮದುವೆ ನಿಶ್ಚಯವಾಗಿದ್ದ ಪ್ರಮದ್ವರೆಯನ್ನು ಹಾವು ಕಚ್ಚಿದ ಸಿಟ್ಟಿಗೆ ಅವನು ಕಂಡ ಕಂಡ ಹಾವನ್ನೆಲ್ಲ ಕೊಲ್ಲುತ್ತಾ ಹೋಗುತ್ತಾನೆ. ಒಂದು ದಿನ ಡುಂಡುಭವೆಂಬ ವಿಷವಿಲ್ಲದ ಹಾವಿನ ಮೇಲೆ ದೊಣ್ಣೆ ಎತ್ತಿದಾಗ ಆ ಹಾವೇ ಮಾತಾಡಿ ಈ ಧರ್ಮವನ್ನು ತಿಳಿಹೇಳುತ್ತದೆ. ಅದು ಶಾಪಕ್ಕೆ ಸಿಕ್ಕಿದ ಋಷಿ. ಏಟು ಬೀಳುವುದರಲ್ಲಿರುವ ಜೀವವೇ ಹೊಡೆಯುವವನಿಗೆ ಹೇಳುವ ಮಾತಿದು. ವನಪರ್ವದಲ್ಲಿ ಇದೇ ಮಾತನ್ನು ಆಡುವವನು ಮಿಥಿಲೆಯ ಧರ್ಮವ್ಯಾಧ, ಮಾಂಸ ಮಾರಿ ಬದುಕುವವನು. ಕೌಶಿಕನೆಂಬ ಬ್ರಾಹ್ಮಣ ಅವನ ಕಸುಬನ್ನು ಕಂಡು ಮುಖ ಸಿಂಡರಿಸುತ್ತಾನೆ. ವ್ಯಾಧ ನೆಲ ಉಳುವಾಗಲೂ ಎಷ್ಟೋ ಜೀವ ಸಾಯುತ್ತದೆ ಎಂದು ನೆನಪಿಸುತ್ತಾನೆ. ಪೂರ್ತಿ ಹಿಂಸೆಯಿಲ್ಲದ ಬದುಕು ಯಾರಿಗೂ ಇಲ್ಲವೆಂದು ತಿಳಿದೇ ಅಹಿಂಸೆಯನ್ನು ಎತ್ತಿಹಿಡಿಯುತ್ತಾನೆ. ಅನುಶಾಸನ ಪರ್ವದಲ್ಲಿ ಬಾಣಗಳ ಮೇಲೆ ಮಲಗಿದ ಭೀಷ್ಮ ಮಾಂಸಾಹಾರದ ಬಗ್ಗೆ ಯುಧಿಷ್ಠಿರನಿಗೆ ಹೇಳುವಾಗ ಈ ಮಾತು ಮತ್ತೆ ಬರುತ್ತದೆ. ಪ್ರತಿ ಸಲವೂ ಮುಂದಿನ ಪಾದ ಬೇರೆ ಬೇರೆ. ‘ಧರ್ಮಹಿಂಸೆ’ಯ ಬಾಲ ಮಾತ್ರ ಎಲ್ಲಿಯೂ ಇಲ್ಲ, ಗೀತಾಪ್ರೆಸ್ಸಿನ ಮುದ್ರಣದಲ್ಲೂ ಇಲ್ಲ, ಪುಣೆಯ ಪರಿಷ್ಕೃತ ಪಾಠದಲ್ಲೂ ಇಲ್ಲ.

ಧರ್ಮಯುದ್ಧದ ವಿಚಾರ ಮಹಾಭಾರತದಲ್ಲಿ ಇಲ್ಲವೆಂದು ಇದರರ್ಥವಲ್ಲ. ಕ್ಷತ್ರಿಯನಿಗೆ ಧರ್ಮಯುದ್ಧಕ್ಕಿಂತ ಶ್ರೇಯಸ್ಸಿಲ್ಲವೆಂದು ಕೃಷ್ಣ ಗೀತೆಯ 2ನೇ ಅಧ್ಯಾಯದ 31ನೇ ಶ್ಲೋಕದಲ್ಲಿ ಸ್ಪಷ್ಟವಾಗಿಯೇ ಹೇಳುತ್ತಾನೆ. ಆ ವಾದ ಬೇಕಾದವರು ಅದನ್ನು ಎತ್ತಿ ಹೇಳಲಿ. ಹಾವಿನ ಬಾಯಿಗೆ, ವ್ಯಾಧನ ಬಾಯಿಗೆ ಅವರಾಡದ ಮಾತನ್ನು ತುರುಕುವುದು ವ್ಯಾಸರಿಗೆ ಮಾಡುವ ಅನ್ಯಾಯ.

ಇಲ್ಲಿ ಕನ್ನಡದ ಓದುಗರಿಗೊಂದು ಎಚ್ಚರ. ಕುಮಾರವ್ಯಾಸನ ಭಾರತ ಗದಾಪರ್ವಕ್ಕೆ ನಿಲ್ಲುತ್ತದೆ, ಹತ್ತೇ ಪರ್ವ. ಭೀಷ್ಮನ ಶಾಂತಿ, ಅನುಶಾಸನ ಪರ್ವಗಳ ಉಪದೇಶ ಅದರಲ್ಲಿ ಬರುವುದಿಲ್ಲ. ಅಲ್ಲಿ ಹುಡುಕಿ ಸಿಗಲಿಲ್ಲವೆಂದು ತೀರ್ಮಾನಿಸಬಾರದು. ಸಂಸ್ಕೃತ ಮೂಲಕ್ಕೆ ಪುಣೆಯ ಭಂಡಾರಕರ್ ಸಂಸ್ಥೆಯ ಆವೃತ್ತಿ ದೊಡ್ಡ ಆಸರೆ. ಸುಖ್ತಣಕರ್ ಅವರಂಥ ವಿದ್ವಾಂಸರು ದೇಶದ ಬೇರೆ ಬೇರೆ ಲಿಪಿಗಳ ನೂರಾರು ಹಸ್ತಪ್ರತಿಗಳನ್ನು ಹೋಲಿಸಿ ಅದನ್ನು ಕಟ್ಟಿದರು. ಅದು ಪೂರ್ಣಗೊಂಡದ್ದು 1966ರಲ್ಲಿ. ಕೈಬಿಟ್ಟ ಸಾಲುಗಳನ್ನೂ ಅವರು ಅಡಿಟಿಪ್ಪಣಿಯಲ್ಲಿ, ಅನುಬಂಧದಲ್ಲಿ ಉಳಿಸಿದ್ದಾರೆ. ಶ್ಲೋಕಪಾದಗಳ ಅಕಾರಾದಿ ಸೂಚಿಯೂ ಇದೆ. ಬೆಂಗಳೂರಿನ ಭಾರತ ದರ್ಶನ ಪ್ರಕಾಶನ ಮೂಲ ಶ್ಲೋಕಗಳನ್ನು ಕನ್ನಡ ಅನುವಾದದೊಂದಿಗೆ ಅಚ್ಚು ಮಾಡಿದೆ.

ಯಾವ ಮುದ್ರಣ ಎಂದು ಕೇಳುವುದೂ ಮುಖ್ಯ. ಹೆತ್ತ ತಾಯಿ, ಹುಟ್ಟಿದ ನೆಲ ಸ್ವರ್ಗಕ್ಕೂ ಮಿಗಿಲೆಂದು ರಾಮ ಹೇಳಿದನೆಂಬ ಮಾತು ನೇಪಾಳದ ರಾಷ್ಟ್ರಲಾಂಛನದಲ್ಲೂ ಇದೆ. ವಾಲ್ಮೀಕಿ ರಾಮಾಯಣದ ಕೆಲವು ಮುದ್ರಣಗಳಲ್ಲಿ ಅದು ಸಿಗುತ್ತದೆ, ಬರೋಡದ ಪರಿಷ್ಕೃತ ಪಾಠದಲ್ಲಿ ಇಲ್ಲ.

ಆಧಾರ ಸಿಕ್ಕ ಮೇಲೆಯೂ ಆಡಿದವರು ಯಾರೆಂದು ನೋಡಬೇಕು. ಜಗತ್ತೇ ಒಂದು ಕುಟುಂಬ ಎನ್ನುವ ಶ್ಲೋಕ ಮಹೋಪನಿಷತ್ತಿನಲ್ಲಿ ಉದಾರಿಯ ನಡತೆಯನ್ನು ಬಣ್ಣಿಸುತ್ತದೆ. ಅದೇ ಮಾತನ್ನು ಹಿತೋಪದೇಶದಲ್ಲಿ ಹೇಳುವುದು ಜಿಂಕೆಯ ಮಾಂಸಕ್ಕೆ ಹೊಂಚು ಹಾಕಿದ ನರಿ, ಕಾಗೆಯ ಎಚ್ಚರಿಕೆಯನ್ನು ತಳ್ಳಿಹಾಕಲು. ಮಾತು ದೊಡ್ಡದೇ, ಆಡುವವನ ಉದ್ದೇಶ ಬೇರೆ.

ನಮ್ಮ ವಚನಕಾರರು, ದಾಸರು ಅಂಕಿತವಿಟ್ಟು ಈ ಹುಡುಕಾಟವನ್ನು ಹಗುರ ಮಾಡಿದ್ದಾರೆ. ಆದರೂ ಕಾಯಕವನ್ನೇ ಕೈಲಾಸವೆಂದ ಮಾತು ಬಸವಣ್ಣನವರದೆಂದೇ ಪ್ರಚಾರದಲ್ಲಿದೆ. ಅದು ಬರುವುದು ಅಕ್ಕಿ ಆಯ್ದು ದಾಸೋಹ ನಡೆಸುತ್ತಿದ್ದ ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ದುಡಿದು ಬದುಕಿದ ಆ ಶರಣನ ಹೆಸರನ್ನು ಅವನ ಮಾತಿನ ಪಕ್ಕದಲ್ಲಿ ಬರೆಯದಿರುವುದು ನನಗೆ ನೋವಿನ ಸಂಗತಿ.

ಪ್ರವಚನ ಮಾಡುವವರಲ್ಲಿ, ಪಠ್ಯ ಬರೆಯುವವರಲ್ಲಿ, ಲಗ್ನಪತ್ರಿಕೆಯಿಂದ ದೇವಸ್ಥಾನದ ಗೋಡೆಯವರೆಗೆ ಸೂಕ್ತಿಗಳನ್ನು ಬರೆಸುವವರಲ್ಲಿ ಒಂದು ಕೋರಿಕೆ. ಮಾತಿನ ಕೆಳಗೆ ಗ್ರಂಥ, ಪರ್ವ, ಅಧ್ಯಾಯ, ಶ್ಲೋಕದ ಸಂಖ್ಯೆ, ಹೇಳಿದವರ ಹೆಸರು ಹಾಕಿ. ಹುಡುಕಿಯೂ ಸಿಗದಿದ್ದರೆ ಕೃಷ್ಣನ ಹೆಸರನ್ನಾಗಲಿ ವ್ಯಾಸರ ಹೆಸರನ್ನಾಗಲಿ ಹಾಕಬೇಡಿ, ‘ಲೋಕೋಕ್ತಿ’ ಎಂದು ಬರೆಯಿರಿ.