ಚೆಂಡು ತಡೆದ ಕೈ, ಆಸ್ಪತ್ರೆ ಕಟ್ಟಿದ ಕೈ: ಡಿಕೆಂಬೆ ಮುಟೊಂಬೊ

ಬಾಸ್ಕೆಟ್‌ಬಾಲ್ ಲೋಕದಲ್ಲಿ ಕೀರ್ತಿ ಸಾಮಾನ್ಯವಾಗಿ ಅಂಕ ಗಳಿಸುವವರ ಪಾಲಿಗೆ ಸಲ್ಲುತ್ತದೆ. ಬುಟ್ಟಿಗೆ ಚೆಂಡು ಹಾಕಿದವನ ಹೆಸರು ಮರುದಿನದ ಪತ್ರಿಕೆಯಲ್ಲಿ ಮೊದಲು ಬರುತ್ತದೆ. ಎದುರಾಳಿಯ ಚೆಂಡು ಬುಟ್ಟಿ ಸೇರದಂತೆ ತಡೆದವನ ಹೆಸರು ಕೊನೆಯ ಸಾಲಿನಲ್ಲಿ ಬಂದರೆ ಅದೇ ಹೆಚ್ಚು. ಈ ರೂಢಿಗೆ ಅಪವಾದವಾಗಿ, ತಡೆಯುವ ಕಲೆಯೊಂದನ್ನೇ ನೆಚ್ಚಿ ಹದಿನೆಂಟು ಋತುಗಳ ಕಾಲ ಅಮೆರಿಕದ ಎನ್‌ಬಿಎ ವೃತ್ತಿಪರ ಲೀಗ್‌ನಲ್ಲಿ ನೆಲೆನಿಂತವರು ಕಾಂಗೊ ದೇಶದ ಡಿಕೆಂಬೆ ಮುಟೊಂಬೊ. ಪಂದ್ಯವೊಂದಕ್ಕೆ ಅವರು ಗಳಿಸಿದ ಸರಾಸರಿ ಅಂಕ ಕೇವಲ 9.8. ಆದರೂ 2015ರಲ್ಲಿ ಬಾಸ್ಕೆಟ್‌ಬಾಲ್‌ನ 'ಹಾಲ್ ಆಫ್ ಫೇಮ್' ಗೌರವ ಅವರಿಗೆ ಸಂದಿತು.

ವೈದ್ಯನಾಗಲು ಬಂದವರು

ಮುಟೊಂಬೊ ಜನಿಸಿದ್ದು 1966ರ ಜೂನ್ 25ರಂದು, ಕಾಂಗೊದ ರಾಜಧಾನಿ ಕಿನ್ಷಾಸಾದಲ್ಲಿ. 1987ರಲ್ಲಿ ಅಮೆರಿಕ ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ವಾಷಿಂಗ್ಟನ್‌ನ ಜಾರ್ಜ್‌ಟೌನ್ ವಿಶ್ವವಿದ್ಯಾಲಯ ಸೇರಿದಾಗ ಅವರ ಗುರಿ ಇದ್ದದ್ದು ಆಟದ ಅಂಗಳದ ಮೇಲಲ್ಲ. ವೈದ್ಯಕೀಯ ಓದಿ ತಾಯ್ನಾಡಿಗೆ ಮರಳಬೇಕೆಂಬುದು ಅವರ ಹಂಬಲವಾಗಿತ್ತು. ಏಳು ಅಡಿ ಎರಡು ಅಂಗುಲ ಎತ್ತರದ ಈ ವಿದ್ಯಾರ್ಥಿಯನ್ನು ತಂಡಕ್ಕೆ ಸೇರಿಸಿಕೊಂಡವರು ಅಲ್ಲಿನ ಪ್ರಸಿದ್ಧ ತರಬೇತುದಾರ ಜಾನ್ ಥಾಂಪ್ಸನ್. ಓದಿನ ದಾರಿ ಬದಲಾಯಿತೇ ಹೊರತು ಓದು ನಿಲ್ಲಲಿಲ್ಲ. 1991ರಲ್ಲಿ ಭಾಷಾಶಾಸ್ತ್ರ ಹಾಗೂ ರಾಜತಾಂತ್ರಿಕ ವಿಷಯಗಳಲ್ಲಿ ಪದವಿ ಪಡೆದೇ ಅವರು ಹೊರಬಂದರು. ಅದೇ ವರ್ಷ ಹೊಸ ಆಟಗಾರರ ಆಯ್ಕೆಯಲ್ಲಿ ಡೆನ್ವರ್ ನಗೆಟ್ಸ್ ತಂಡ ಅವರನ್ನು ನಾಲ್ಕನೆಯವರಾಗಿ ಆರಿಸಿಕೊಂಡಿತು.

ತಡೆಯುವುದು ಏಕೆ ಕಷ್ಟ?

ಬುಟ್ಟಿಯತ್ತ ಎಸೆದ ಚೆಂಡನ್ನು ಗಾಳಿಯಲ್ಲೇ ತಡೆಯುವುದಕ್ಕೆ 'ಬ್ಲಾಕ್' ಎಂದು ಹೆಸರು. ಎತ್ತರವಿದ್ದರೆ ಸಾಕು, ಇದು ಸುಲಭ ಎಂಬ ಭಾವನೆ ಸಹಜ. ನಿಯಮಗಳು ಆ ಸುಲಭವನ್ನು ಕಸಿದುಕೊಂಡಿವೆ. ಚೆಂಡು ಮೇಲೇರಿ ಬುಟ್ಟಿಯತ್ತ ಇಳಿಯತೊಡಗಿದ ಮೇಲೆ ಅದನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಎದುರಾಳಿಗೆ ಅಂಕ ದೊರೆಯುತ್ತದೆ. ಎಸೆಯುವವನ ತೋಳಿಗೆ ಬಲವಾಗಿ ಕೈ ತಗುಲಿದರೆ ಫೌಲ್. ಅಂದರೆ ಚೆಂಡು ಕೈಬಿಟ್ಟು ಮೇಲೇರುವ ಆ ಕ್ಷಣಾರ್ಧದಲ್ಲೇ ತಡೆಯುವವನು ನೆಗೆದಿರಬೇಕು. ಮೊದಲೇ ನೆಗೆದರೆ ವಂಚಿತನಾಗುತ್ತಾನೆ, ತಡವಾದರೆ ತಪ್ಪಿತಸ್ಥನಾಗುತ್ತಾನೆ.

ಎನ್‌ಬಿಎ ಈ ಬ್ಲಾಕ್‌ಗಳನ್ನು ಅಧಿಕೃತವಾಗಿ ಎಣಿಸತೊಡಗಿದ್ದು 1973-74ರ ಋತುವಿನಿಂದ. ಹೀಗಾಗಿ ಬಿಲ್ ರಸೆಲ್, ವಿಲ್ಟ್ ಚೇಂಬರ್‌ಲೇನ್‌ರಂತಹ ಹಿಂದಿನ ದಿಗ್ಗಜರ ಪೂರ್ಣ ಲೆಕ್ಕ ದಾಖಲೆಯಲ್ಲಿಲ್ಲ. ದಾಖಲಾದ ಲೆಕ್ಕದಲ್ಲಿ 3,830 ಬ್ಲಾಕ್‌ಗಳೊಂದಿಗೆ ನೈಜೀರಿಯಾ ಮೂಲದ ಹಕೀಮ್ ಒಲಾಜುವಾನ್ ಮೊದಲಿಗರು, 3,289ರೊಂದಿಗೆ ಮುಟೊಂಬೊ ಎರಡನೆಯವರು. ಮೊದಲೆರಡು ಸ್ಥಾನಗಳೂ ಆಫ್ರಿಕಾದಲ್ಲಿ ಹುಟ್ಟಿದವರದ್ದೇ ಎಂಬುದು ಗಮನಾರ್ಹ.

ಆದರೆ ಇಂತಹ ಆಟಗಾರನ ಪೂರ್ಣ ಬೆಲೆ ಈ ಅಂಕಿಯಲ್ಲಿಲ್ಲ. ಒಮ್ಮೆ ತಡೆಯಲ್ಪಟ್ಟವನು ಮುಂದಿನ ಬಾರಿ ಬುಟ್ಟಿಯ ಬಳಿಗೆ ಬರಲು ಹಿಂಜರಿಯುತ್ತಾನೆ, ದೂರದಿಂದಲೇ ಎಸೆದು ಗುರಿ ತಪ್ಪುತ್ತಾನೆ. ಎಸೆಯದೇ ಉಳಿದ ಆ ಚೆಂಡುಗಳನ್ನು ಯಾರೂ ಎಣಿಸುವುದಿಲ್ಲ. ತಡೆದ ಮೇಲೆ ತೋರುಬೆರಳನ್ನು ಅತ್ತಿತ್ತ ಆಡಿಸಿ 'ಇಲ್ಲಿ ನಡೆಯದು' ಎಂಬಂತೆ ಸನ್ನೆ ಮಾಡುತ್ತಿದ್ದ ಮುಟೊಂಬೊ, ಆ ಹಿಂಜರಿಕೆಯನ್ನೇ ಬಿತ್ತುತ್ತಿದ್ದರು. ಎದುರಾಳಿಯನ್ನು ಹೀಗೆ ಕೆಣಕುವುದಕ್ಕೆ ಲೀಗ್ ದಂಡನೆ ವಿಧಿಸತೊಡಗಿದಾಗ ಅವರು ಬೆರಳನ್ನು ಪ್ರೇಕ್ಷಕರತ್ತ ತಿರುಗಿಸಿ ಆಡಿಸಿದರು!

ಸಿಯಾಟಲ್‌ನಲ್ಲಿ ನಡೆದ ಪವಾಡ

ಈ ರಕ್ಷಣಾ ಕಲೆ ಒಂದು ತಂಡದ ಹಣೆಬರಹವನ್ನೇ ಬದಲಿಸಬಲ್ಲದು ಎಂಬುದಕ್ಕೆ 1994ರ ಪ್ಲೇಆಫ್ ಸಾಕ್ಷಿ. ಎಂಟನೇ ಶ್ರೇಯಾಂಕದ ಡೆನ್ವರ್, ಅಗ್ರ ಶ್ರೇಯಾಂಕದ ಸಿಯಾಟಲ್ ಸೂಪರ್‌ಸಾನಿಕ್ಸ್ ವಿರುದ್ಧ ಮೊದಲ ಎರಡು ಪಂದ್ಯಗಳನ್ನು ಸೋತು, ಅನಂತರ ಸತತ ಮೂರನ್ನು ಗೆದ್ದು ಸರಣಿಯನ್ನು ವಶಪಡಿಸಿಕೊಂಡಿತು. ಎಂಟನೇ ಶ್ರೇಯಾಂಕದ ತಂಡವೊಂದು ಮೊದಲ ಶ್ರೇಯಾಂಕದ ತಂಡವನ್ನು ಮಣಿಸಿದ್ದು ಲೀಗ್‌ನ ಇತಿಹಾಸದಲ್ಲಿ ಅದೇ ಪ್ರಥಮ. ಐದು ಪಂದ್ಯಗಳಲ್ಲಿ ಮುಟೊಂಬೊ 31 ಬ್ಲಾಕ್ ಮಾಡಿದ್ದರು. ಹೆಚ್ಚುವರಿ ಅವಧಿಗೆ ಬೆಳೆದ ಕೊನೆಯ ಪಂದ್ಯ ಮುಗಿದಾಗ ಅಂಗಳದಲ್ಲೇ ಅಂಗಾತ ಮಲಗಿ, ಎರಡೂ ಕೈಗಳಲ್ಲಿ ಚೆಂಡನ್ನು ಮೇಲೆತ್ತಿ ಹಿಡಿದು ಆನಂದಿಸಿದ ಅವರ ಚಿತ್ರ ಇಂದಿಗೂ ಜನಜನಿತ.

1995, 1997, 1998 ಮತ್ತು 2001ರಲ್ಲಿ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರ ಪ್ರಶಸ್ತಿ ಅವರದಾಯಿತು. ಈ ನಾಲ್ಕರ ಸಾಧನೆಯನ್ನು ಮುಂದೆ ಬೆನ್ ವಾಲೇಸ್ ಹಾಗೂ ರೂಡಿ ಗೋಬೇರ್ ಸರಿಗಟ್ಟಿದರು. ಡೆನ್ವರ್ ಬಳಿಕ ಅಟ್ಲಾಂಟಾ, ಫಿಲಡೆಲ್ಫಿಯಾ, ನ್ಯೂಜೆರ್ಸಿ, ನ್ಯೂಯಾರ್ಕ್ ಮತ್ತು ಹ್ಯೂಸ್ಟನ್ ತಂಡಗಳಲ್ಲಿ ಅವರು ಆಡಿದರು. ಚಾಂಪಿಯನ್ ಪಟ್ಟ ಮಾತ್ರ ಕೈಗೆಟುಕಲಿಲ್ಲ. 2001ರಲ್ಲಿ ಫಿಲಡೆಲ್ಫಿಯಾದೊಂದಿಗೆ, 2003ರಲ್ಲಿ ನ್ಯೂಜೆರ್ಸಿಯೊಂದಿಗೆ ಫೈನಲ್ ತಲುಪಿದರೂ ಸೋಲೇ ಎದುರಾಯಿತು. 2008ರಲ್ಲಿ ಯಾವ್ ಮಿಂಗ್ ಗಾಯಗೊಂಡಾಗ, 41ರ ಹರೆಯದ ಮುಟೊಂಬೊ ಅವರ ಸ್ಥಾನದಲ್ಲಿ ನಿಂತು ಹ್ಯೂಸ್ಟನ್‌ನ ಸತತ 22 ಗೆಲುವುಗಳ ಓಟವನ್ನು ಮುಂದುವರಿಸಲು ನೆರವಾದರು. 2009ರ ಏಪ್ರಿಲ್‌ನಲ್ಲಿ ಪೋರ್ಟ್‌ಲೆಂಡ್ ವಿರುದ್ಧದ ಪ್ಲೇಆಫ್ ಪಂದ್ಯದಲ್ಲಾದ ಮೊಣಕಾಲಿನ ಗಾಯ ಅವರ ಆಟಕ್ಕೆ ತೆರೆ ಎಳೆಯಿತು.

ತಾಯಿಯ ಹೆಸರಿನಲ್ಲಿ

ಗಳಿಕೆಯ ದಿನಗಳಲ್ಲಿ ತಾಯ್ನಾಡನ್ನು ಅವರು ಮರೆತಿರಲಿಲ್ಲ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಬಂದ ತಮ್ಮ ದೇಶದ ಮಹಿಳಾ ಬಾಸ್ಕೆಟ್‌ಬಾಲ್ ತಂಡದ ಸಮವಸ್ತ್ರ ಮತ್ತು ಖರ್ಚುವೆಚ್ಚಗಳನ್ನು ಅವರೇ ಭರಿಸಿದರು. 1997ರಲ್ಲಿ ಪ್ರತಿಷ್ಠಾನವೊಂದನ್ನು ಸ್ಥಾಪಿಸಿದರು. ಅಂತಃಕಲಹದಿಂದ ತತ್ತರಿಸಿದ್ದ ಕಿನ್ಷಾಸಾದಲ್ಲಿ ಕರ್ಫ್ಯೂ ಜಾರಿಯಲ್ಲಿದ್ದಾಗ ಅವರ ತಾಯಿ ಬಿಯಾಂಬಾ ಮೇರಿ ಅಸ್ವಸ್ಥರಾದರು; ಆಸ್ಪತ್ರೆಗೆ ಸಾಗಿಸಲಾಗದೆ ಮನೆಯಲ್ಲೇ ಕೊನೆಯುಸಿರೆಳೆದರು. ಸಾವಿರಾರು ಚೆಂಡುಗಳನ್ನು ತಡೆದ ಮಗನಿಗೆ ಸಾಗರದಾಚೆಯಿಂದ ಈ ಒಂದು ಸಾವನ್ನು ತಡೆಯಲಾಗಲಿಲ್ಲ.

ಅದರ ಫಲವೇ ಕಿನ್ಷಾಸಾದಲ್ಲಿ ತಲೆಯೆತ್ತಿದ 300 ಹಾಸಿಗೆಗಳ ಬಿಯಾಂಬಾ ಮೇರಿ ಮುಟೊಂಬೊ ಆಸ್ಪತ್ರೆ. ಸುಮಾರು 2.9 ಕೋಟಿ ಡಾಲರ್ ವೆಚ್ಚದ ಈ ಯೋಜನೆಗೆ 1.5 ಕೋಟಿ ಡಾಲರ್, ಅಂದರೆ ಅರ್ಧಕ್ಕೂ ಹೆಚ್ಚಿನ ಮೊತ್ತ, ಬಂದದ್ದು ಮುಟೊಂಬೊ ಅವರ ಸ್ವಂತ ದುಡಿಮೆಯಿಂದ. 2006ರಲ್ಲಿ ಲೋಕಾರ್ಪಣೆಗೊಂಡ ಆಸ್ಪತ್ರೆ 2007ರಲ್ಲಿ ರೋಗಿಗಳಿಗೆ ಬಾಗಿಲು ತೆರೆಯಿತು. ಆಗಿನ್ನೂ ಅವರು ವೃತ್ತಿಪರ ಆಟಗಾರರಾಗಿಯೇ ಇದ್ದರು.

2022ರ ಅಕ್ಟೋಬರ್‌ನಲ್ಲಿ ಅವರಿಗೆ ಮಿದುಳಿನ ಗಡ್ಡೆ ಇರುವುದು ಪ್ರಕಟವಾಯಿತು. 2024ರ ಸೆಪ್ಟೆಂಬರ್ 30ರಂದು, 58ನೇ ವಯಸ್ಸಿನಲ್ಲಿ ಅವರು ನಿಧನರಾದರು. ವೈದ್ಯನಾಗಲೆಂದು ಊರು ಬಿಟ್ಟ ತರುಣ ವೈದ್ಯನಾಗಲಿಲ್ಲ. ಆದರೆ ಆಟದಿಂದ ಬಂದ ಹಣ, ಯಾವ ಊರಿನಲ್ಲಿ ತಾಯಿಗೆ ಚಿಕಿತ್ಸೆ ಸಿಗಲಿಲ್ಲವೋ ಅದೇ ಊರಿನ ತಾಯಂದಿರಿಗಾಗಿ ವೈದ್ಯರನ್ನೂ ಹಾಸಿಗೆಗಳನ್ನೂ ಒದಗಿಸಿತು.