ಬೀಗವಿಲ್ಲದ ಸಾಲು

1997ರ ಜುಲೈ 4ರಂದು ಅಮೆರಿಕದ ಪಾಥ್‌ಫೈಂಡರ್ ನೌಕೆ ಮಂಗಳ ಗ್ರಹದ ಮೇಲೆ ಸುರಕ್ಷಿತವಾಗಿ ಇಳಿಯಿತು. ಜಗತ್ತೇ ಚಪ್ಪಾಳೆ ತಟ್ಟಿತು. ಆದರೆ ಕೆಲವೇ ದಿನಗಳಲ್ಲಿ ವಿಜ್ಞಾನಿಗಳಿಗೆ ತಲೆನೋವು ಶುರುವಾಯಿತು. ನೌಕೆಯ ಗಣಕ ಇದ್ದಕ್ಕಿದ್ದಂತೆ ತಾನಾಗಿಯೇ ನಿಂತು, ಮತ್ತೆ ಮೊದಲಿನಿಂದ ಚಾಲೂ ಆಗುತ್ತಿತ್ತು. ಹಾಗಾದಾಗಲೆಲ್ಲ ಅಂದಿನ ಉಳಿದ ಕೆಲಸ ಮರುದಿನಕ್ಕೆ! ಕೋಟ್ಯಂತರ ಕಿಲೋಮೀಟರ್ ದೂರದ ಯಂತ್ರವನ್ನು ಬಿಚ್ಚಿ ನೋಡುವವರು ಯಾರು?

ಭೂಮಿಯಲ್ಲಿದ್ದ ಅದೇ ನಮೂನೆಯ ಯಂತ್ರದಲ್ಲಿ ದೋಷವನ್ನು ಮರುಕಳಿಸಿ ನೋಡಿದಾಗ ಸಿಕ್ಕಿಬಿದ್ದ ಕಳ್ಳ ಒಂದು ‘ಬೀಗ’.

ಬೀಗ ಏಕೆ ಬೇಕು?

ಒಂದು ಪ್ರೋಗ್ರಾಮಿನೊಳಗೆ ಏಕಕಾಲಕ್ಕೆ ಹಲವು ಕೆಲಸಗಳು ನಡೆಯುತ್ತಿರುತ್ತವೆ. ಇಂಥ ಒಂದೊಂದು ಕೆಲಸದ ಎಳೆಗೆ ‘ಥ್ರೆಡ್’ ಎಂದು ಹೆಸರು. ಹೋಟೆಲಿನ ಅಡುಗೆಭಟ್ಟರು ದೋಸೆಯ ತಟ್ಟೆಗಳನ್ನು ಕಟ್ಟೆಯ ಮೇಲೆ ಸಾಲಾಗಿ ಇಡುತ್ತಾರೆ. ಮಾಣಿಗಳು ಇಟ್ಟ ಕ್ರಮದಲ್ಲೇ ಒಯ್ಯುತ್ತಾರೆ. ಥ್ರೆಡ್ಡುಗಳೂ ಹೀಗೆಯೇ ಒಂದು ಸಾಲಿನ ಮೂಲಕ ಮಾಹಿತಿಯನ್ನು ಕೈ ಬದಲಿಸುತ್ತವೆ. ಇಬ್ಬರು ಭಟ್ಟರು ಒಂದೇ ಜಾಗದಲ್ಲಿ ಒಟ್ಟಿಗೆ ತಟ್ಟೆ ಇಡಹೋದರೆ ಒಂದು ನೆಲಕ್ಕೆ ಬಿದ್ದಂತೆಯೇ. ಹಾಗಾಗದಿರಲು ಸಾಲಿಗೊಂದು ಬೀಗ: ಕೀಲಿಕೈ ಇದ್ದವನೇ ಕಟ್ಟೆಯ ಹತ್ತಿರ ಹೋಗಬೇಕು, ಉಳಿದವರು ಕಾಯಬೇಕು.

ಉಪಾಯ ಸರಳ. ಆದರೆ ಕೀಲಿಕೈ ಹಿಡಿದವನೇ ನಡುವೆ ಸಿಕ್ಕಿಕೊಂಡರೆ? ಪಾಥ್‌ಫೈಂಡರ್‌ನಲ್ಲಿ ಆದದ್ದು ಅದೇ. ಹವಾಮಾನದ ಮಾಹಿತಿ ನೋಡಿಕೊಳ್ಳುವ, ಕಡಿಮೆ ಆದ್ಯತೆಯ ಕೆಲಸವೊಂದು ಬೀಗ ಹಿಡಿದಿತ್ತು. ಹೆಚ್ಚಿನ ಆದ್ಯತೆಯ ಕೆಲಸವೊಂದು ಅದಕ್ಕಾಗಿ ಕಾಯುತ್ತಿತ್ತು. ನಡುವೆ ಮಧ್ಯಮ ಆದ್ಯತೆಯ ಸಂಪರ್ಕದ ಕೆಲಸ ನುಗ್ಗಿ ಬೀಗ ಹಿಡಿದವನನ್ನು ಪಕ್ಕಕ್ಕೆ ತಳ್ಳಿತು. ಮುಖ್ಯ ಕೆಲಸ ಸ್ತಬ್ಧವಾದುದನ್ನು ಕಂಡ ಕಾವಲು ವ್ಯವಸ್ಥೆ ಗಣಕವನ್ನು ಮರುಚಾಲನೆ ಮಾಡಿತು. ಬೀಗ ಹಿಡಿದ ಕೆಲಸಕ್ಕೆ ತಾತ್ಕಾಲಿಕವಾಗಿ ಕಾಯುವವನ ಆದ್ಯತೆಯನ್ನೇ ಕೊಡುವ ಸೂಚನೆಯನ್ನು ಭೂಮಿಯಿಂದ ಕಳಿಸಿ ಎಂಜಿನಿಯರುಗಳು ನೌಕೆಯನ್ನು ಸರಿಪಡಿಸಿದರು.

ಬೀಗವೇ ಇಲ್ಲದಿದ್ದರೆ?

ಇನ್ನೊಂದು ದಾರಿಯೂ ಇದೆ. ಬೀಗವನ್ನೇ ತೆಗೆದುಹಾಕುವುದು! ಇದಕ್ಕೆ ಆಧಾರ ‘ಹೋಲಿಸಿ ಬದಲಿಸು’ ಎಂಬ ಯಂತ್ರಾದೇಶ. 1970ರ ದಶಕದ ಐಬಿಎಂ 370 ಗಣಕಗಳಲ್ಲೇ ಇದು ಇತ್ತು. 1989ರ ಇಂಟೆಲ್ 486 ಚಿಪ್ಪಿನಲ್ಲೂ ಬಂತು. ಥ್ರೆಡ್ ಚಿಪ್ಪಿಗೆ ಹೇಳುವುದು ಇಷ್ಟೆ: ‘ನಾನು ನೋಡಿದಾಗ ಸಾಲಿನ ಕೊನೆಯ ಜಾಗ ಖಾಲಿ ಇತ್ತು. ಈಗಲೂ ಖಾಲಿ ಇದ್ದರೆ ನನ್ನದನ್ನು ಇಡು. ಇಲ್ಲವಾದರೆ ಬಿಡು, ಮತ್ತೆ ನೋಡುತ್ತೇನೆ.’ ಹೋಲಿಸುವುದು, ಬದಲಿಸುವುದು ಎರಡನ್ನೂ ಚಿಪ್ಪು ಒಂದೇ ಏಟಿಗೆ ಮುಗಿಸುತ್ತದೆ. ನಡುವೆ ಇನ್ನೊಬ್ಬರು ನುಸುಳುವಂತಿಲ್ಲ.

1996ರಲ್ಲಿ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಮಾಗೆಡ್ ಮೈಕೆಲ್ ಮತ್ತು ಮೈಕೆಲ್ ಸ್ಕಾಟ್ ಈ ಆದೇಶದಿಂದ ಸೊಗಸಾದ ಸಾಲೊಂದನ್ನು ಹೆಣೆದು ತೋರಿಸಿದರು. ಅದರಲ್ಲಿ ಸೇರ್ಪಡೆಗೆ ಎರಡು ಹೆಜ್ಜೆ: ಹೊಸ ಕೊಂಡಿಯನ್ನು ಕೊನೆಗೆ ಜೋಡಿಸುವುದು, ಬಳಿಕ ‘ಕೊನೆ ಇಲ್ಲಿದೆ’ ಎಂಬ ಗುರುತನ್ನು ಮುಂದಕ್ಕೆ ಸರಿಸುವುದು. ಮೊದಲ ಹೆಜ್ಜೆ ಇಟ್ಟ ಥ್ರೆಡ್ ಅಲ್ಲೇ ನಿಂತುಬಿಟ್ಟರೆ? ಹಿಂದೆ ಬಂದವನು ಕಾಯುತ್ತ ಕೂರುವುದಿಲ್ಲ. ಆ ಗುರುತನ್ನು ತಾನೇ ಸರಿಸಿ ತನ್ನ ಕೆಲಸಕ್ಕೆ ತೊಡಗುತ್ತಾನೆ. ಹೀಗಾಗಿ ಒಬ್ಬನು ನಿಂತರೂ ಸಾಲು ನಿಲ್ಲುವುದಿಲ್ಲ. 2004ರ ಜಾವಾ 5ರಲ್ಲಿ ಸೇರಿದ ಬೀಗರಹಿತ ಸಾಲಿಗೆ ಇದೇ ವಿಧಾನ ಆಧಾರ.

ಟವೆಲಿನ ಮೋಸ

ಹಾಗೆಂದು ಇದು ಸರ್ವರೋಗಕ್ಕೂ ಮದ್ದಲ್ಲ. ಬಸ್ಸಿನ ಸೀಟಿಗೆ ಕೆಂಪು ಟವೆಲು ಹಾಕಿ ಕಾಫಿಗೆ ಹೋದಿರಿ ಎನ್ನಿ. ಮರಳಿದಾಗ ಕೆಂಪು ಟವೆಲೇ ಇದೆ. ಆದರೆ ನಿಮ್ಮದನ್ನು ತೆಗೆದು ಬೇರೊಬ್ಬರು ಹಾಕಿದ ಟವೆಲು ಅದು! ಗಣಕದ ನೆನಪಿನಲ್ಲೂ ಖಾಲಿಯಾದ ಜಾಗ ಮರುಬಳಕೆಯಾಗಿ, ಹಳೆಯ ವಿಳಾಸವೇ ಮತ್ತೆ ಕಾಣಿಸಬಹುದು. ಹೋಲಿಸುವ ಆದೇಶ ‘ಏನೂ ಬದಲಾಗಿಲ್ಲ’ ಎಂದು ಮೋಸಹೋಗುತ್ತದೆ. ಇದಕ್ಕಾಗಿ ಮೈಕೆಲ್ ಮತ್ತು ಸ್ಕಾಟ್ ವಿಳಾಸದ ಜೊತೆಗೆ ಬದಲಾದಂತೆಲ್ಲ ಏರುವ ಸಂಖ್ಯೆಯೊಂದನ್ನೂ ಇಟ್ಟರು. ಟವೆಲಿಗೆ ನಂಬರು ಹಾಕಿದಂತೆ.

ನೂಕುನುಗ್ಗಲು ಹೆಚ್ಚಿದಾಗ ಮರುಪ್ರಯತ್ನಗಳಲ್ಲೇ ಸಮಯ ಪೋಲಾಗುವುದೂ ಉಂಟು. ಎಷ್ಟೋ ಕಡೆ ಸಾಧಾರಣ ಬೀಗವೇ ಸಾಕು.

ಗಣಕ ಕಲಿಯುವ ಮಕ್ಕಳು ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಸಾವಿರ ಸಲ ಸರಿಯಾಗಿ ಓಡಿದ ಮಾತ್ರಕ್ಕೆ ಇಂಥ ಪ್ರೋಗ್ರಾಮು ಸರಿ ಎನ್ನುವಂತಿಲ್ಲ; ಥ್ರೆಡ್ಡುಗಳು ಒಂದರ ಹಿಂದೊಂದು ಓಡುವ ಕ್ರಮ ಪ್ರತಿ ಸಲವೂ ಬೇರೆ. ಪಾಥ್‌ಫೈಂಡರ್‌ನ ದೋಷ ಕೂಡ ಉಡಾವಣೆಗೆ ಮುಂಚಿನ ಪರೀಕ್ಷೆಗಳಲ್ಲಿ ಅಪರೂಪಕ್ಕೆ ತಲೆಹಾಕಿ ಮರೆಯಾಗಿತ್ತು. ಆದ್ದರಿಂದ ಎರಡು ಥ್ರೆಡ್ಡುಗಳ ಹೆಜ್ಜೆಗಳನ್ನು ಕಾಗದದ ಮೇಲೆ ಬರೆದು, ಕ್ರಮ ಅದಲುಬದಲು ಮಾಡಿ, ಎಲ್ಲಿ ಎಡವುತ್ತದೆ ಎಂದು ಹುಡುಕುವುದೇ ಒಳ್ಳೆಯ ಅಭ್ಯಾಸ. ಮಗ ಅಥವಾ ಮಗಳು ಗಣಕ ಆರಿಸಿಟ್ಟು ಪೆನ್ಸಿಲು ಹಿಡಿದು ಕೂತಿದ್ದರೆ ಪೋಷಕರು ಗಾಬರಿಯಾಗಬೇಕಿಲ್ಲ. ನಿಜವಾದ ಪ್ರೋಗ್ರಾಮಿಂಗ್ ನಡೆಯುತ್ತಿರುವುದು ಆಗಲೇ.